ಬಿಪಿ 139, ಬಿಪಿ 141

ನಿನ್ನೆ ಬದಿಯಡ್ಕದಿಂದ ತಂಗಿಯ ಮಗಳು ಪ್ರಾಜೆಕ್ಟಿನ ಎಕ್ಸೆಲ್ ಶೀಟ್ ತಂದಿದ್ದಳು. ಅಡಿಕೆ ತೋಟದಲ್ಲಿ ಕೆಲಸ ಮಾಡುವವರ ಮನೆಮನೆಗೆ ಹೋಗಿ ವಯಸ್ಸು, ಬಿಪಿ ಬರೆದುಕೊಂಡು ಬಂದಿದ್ದಾಳೆ. 112, 139, 141, 176, ಎಲ್ಲ ಅಚ್ಚುಕಟ್ಟು. ಪಕ್ಕದ ಕಾಲಮ್ಮಿನಲ್ಲಿ ನೋಡಿದರೆ ಬರೀ 0 ಮತ್ತು 1! 140ಕ್ಕಿಂತ ಕಡಿಮೆ ಇದ್ದರೆ 0, ಇಲ್ಲದಿದ್ದರೆ 1.

"ಲೆಕ್ಕ ಸುಲಭ ಅಲ್ವಾ ದೊಡ್ಡಮ್ಮ?"

ಸುಲಭ ಹೌದು ಮಗಾ, ಆದರೆ 139ರವರನ್ನು 112ರವರ ಜೊತೆ ಕೂರಿಸಿ, 141ರವರನ್ನು 176ರವರ ಜೊತೆ ಸೇರಿಸಿದ ಹಾಗಾಯಿತಲ್ಲ. ಗುಡ್ಡ ಹತ್ತಿ ಬಂದು ಕೂತರೂ ಎರಡು ಪಾಯಿಂಟ್ ಹೆಚ್ಚುಕಮ್ಮಿ ಆಗುತ್ತದೆ.

ಸಂಖ್ಯಾಶಾಸ್ತ್ರಜ್ಞ ಜೇಕಬ್ ಕೋಹೆನ್ 1983ರಲ್ಲೇ ಈ ನಷ್ಟವನ್ನು ಲೆಕ್ಕ ಹಾಕಿ ತೋರಿಸಿದ್ದರು. ಗಂಟೆಯಾಕಾರದಲ್ಲಿ ಹರಡಿದ ಅಂಕಿಗಳನ್ನು ಸರೀ ನಡುವೆ ಎರಡು ಮಾಡಿದರೆ ಇನ್ನೊಂದು ವಿಷಯದ ಜೊತೆ ಅವುಗಳ ಸಂಬಂಧದ ಅಳತೆ (ಕೋರಿಲೇಶನ್) ಮೊದಲಿದ್ದುದರ ಸುಮಾರು 0.8ರಷ್ಟಕ್ಕೆ ಇಳಿಯುತ್ತದೆ, ಅಂದರೆ 100 ಜನರನ್ನು ಅಳೆದರೂ ಸುಮಾರು 64 ಜನರನ್ನು ಅಳೆದಷ್ಟೇ ಪ್ರಯೋಜನ. ನಡುವೆ ಬಿಟ್ಟು ಬೇರೆಲ್ಲಿ ಕತ್ತರಿಸಿದರೂ ನಷ್ಟ ಇನ್ನೂ ಜಾಸ್ತಿ. ಮಿಕ್ಕ ಮನೆಗಳಿಗೆ ಈ ಬಿಸಿಲಲ್ಲಿ ಸುಮ್ನೆ ನಡೆದಳಾ ಅಂತ ನನಗೆ ಸಂಕಟವಾಯಿತು.

ಡಾಕ್ಟರಿಗೆ ಮಾತ್ರೆ ಕೊಡಲು ಒಂದು ಗೆರೆ ಬೇಕು, ಅದು ಬೇರೆ ವಿಷಯ.

ರಾತ್ರಿ ಕೂತು ಆ ಕಾಲಮ್ ತೆಗೆದೆವು. ಬಿಪಿಯನ್ನು ಇದ್ದ ಹಾಗೇ ರಿಗ್ರೆಶನ್‌ಗೆ, ಅಂದರೆ ಒಂದು ಏರಿದಾಗ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕಕ್ಕೆ, ಹಾಕಿದೆವು. ವಯಸ್ಸಿನ ಜೊತೆ ಅದು ನೇರವಾಗಿ ಏರುತ್ತಿರಲಿಲ್ಲ, ಅದಕ್ಕೆ ನೇರ ಗೆರೆಯ ಬದಲು ಬಾಗುವ ಗೆರೆ, ಅಂದರೆ ಸ್ಪ್ಲೈನ್ ಬಳಸಿದೆವು.