ನಮ್ಮ ಮೂರನೇ ಬೆಂಚಿನ ಅಜ್ಜಿ

ಹೋದ ವಾರ ನಮ್ಮ ಚರ್ಚಲ್ಲಿ ಆರಾಧನೆ ಮುಗಿದ್ಮೇಲೆ ಕಮಿಟಿ ಮೀಟಿಂಗ್ ಇತ್ತು, ಎರಡು ಗಂಟೆ ಪೂರ್ತಿ ಸೌಂಡ್ ಸಿಸ್ಟಮ್ಮು, ಎಲ್‌ಇಡಿ ಸ್ಕ್ರೀನು, ಗೋಪುರದ ಪೇಂಟು, ಇಷ್ಟೇ ಮಾತು. ಕೊನೇಲಿ ನಾನು, ಮೂರನೇ ಬೆಂಚಲ್ಲಿ ಕೂರೋ ಅಜ್ಜಿ ನಾಕು ತಿಂಗಳಿಂದ ಕಾಣ್ತಿಲ್ವಲ್ಲ, ಯಾರಾದ್ರೂ ಹೋಗಿ ನೋಡಿದ್ರಾ ಅಂತ ಕೇಳ್ದೆ. ಯಾರೂ ಹೋಗಿರ್ಲಿಲ್ಲ. ನಾನೂ ಹೋಗಿರ್ಲಿಲ್ಲ.

ಅವತ್ತಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮ ಕನ್ನಡ ಬೈಬಲ್ಲಲ್ಲಿ ಚರ್ಚ್‌ಗೆ ಇರೋ ಪದಾನೇ ಸಭೆ, ಅಂದ್ರೆ ಕೂಡಿಬಂದ ಜನ, ಗೋಡೆ ಅಲ್ಲ. ಮೊದಲ ಕಾಲದ ಕ್ರೈಸ್ತರು ಮನೆಮನೇಲಿ ಸೇರಿ ರೊಟ್ಟಿ ಮುರೀತಿದ್ದವರು. ಅವರ ಕಥೆ ಹೇಳೋ ಬೈಬಲ್ಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ಮತ್ತೆ ಓದ್ದೆ. ಯೆರೂಸಲೇಮಲ್ಲಿ ದಿನದ ಊಟ ಹಂಚೋವಾಗ ಗ್ರೀಕ್ ಮಾತಾಡೋ ವಿಧವೆಯರನ್ನ ಬಿಟ್ಟುಬಿಡ್ತಿದ್ರು, ಗೊಣಗಾಟ ಎದ್ದಿತು, ಅದನ್ನ ಸರಿ ಮಾಡೋಕೆ ಅಂತ ಸ್ತೆಫನನೂ ಸೇರಿ 7 ಜನರನ್ನ ಆರಿಸಿದ್ರು. ಸಭೆಗೆ ಕಮಿಟಿ ಅಂತ ಒಂದು ಬಂದಿದ್ದೇ ಯಾವ ಅಜ್ಜಿ ತಟ್ಟೆ ಖಾಲಿ ಇದೆ ಅಂತ ನೋಡೋಕೆ!

1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಸುವಾರ್ತೆ ಸಾರೋಕೆ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರ ಬಗ್ಗೆ ನಂಗೆ ತಕರಾರುಗಳಿವೆ, ನಾವೇ ಮೇಲು ಅನ್ನೋ ಗತ್ತು ಅವರಲ್ಲೂ ಇತ್ತು. ಆದ್ರೆ ಕ್ರೈಸ್ತರಾದವರನ್ನ ಮನೆಯವರು, ಜಾತಿಯವರು ಹೊರಗೆ ಹಾಕಿ ಕಸುಬೂ ಕೈತಪ್ಪಿದಾಗ ಬರೀ ಪ್ರಾರ್ಥನೆ ಮಾಡಿ ಕಳಿಸ್ಲಿಲ್ಲ, ಮಗ್ಗ ಹಾಕಿದ್ರು, ಪ್ರೆಸ್ಸಲ್ಲಿ ಕೆಲಸ ಕೊಟ್ರು, 1865ರಲ್ಲಿ ಹೆಂಚಿನ ಕಾರ್ಖಾನೆ ತೆಗೆದ್ರು. ಸುವಾರ್ತೆ ಸಾರೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ, ಆದ್ರೆ ಎಲ್ಲಾ ಜನಾಂಗದವರ ಹತ್ರ ಹೋಗಿ ಅನ್ನೋ ಮತ್ತಾಯ 28 ಗೋಡೆ ಮೇಲೆ ಬರೆಸಿದೀವಿ, ರೋಗಿಯಾಗಿದ್ದಾಗ ನನ್ನನ್ನ ನೋಡೋಕೆ ಬಂದ್ರಿ ಅನ್ನೋ 25 ಅದೇ ಪುಸ್ತಕದಲ್ಲಿ ಮೂರು ಅಧ್ಯಾಯ ಹಿಂದೆನೇ ಇದೆ.

ಸೋಮವಾರ ಸಂಜೆ ಹೋದೆ. ಒಂದೇ ರೂಮಿನ ಮನೆ, ಮೊಣಕಾಲು ಊದಿಕೊಂಡು ಮಂಚ ಬಿಟ್ಟು ಏಳೋಕಾಗ್ತಿಲ್ಲ ಅವರಿಗೆ, ಪಕ್ಕದ್ಮನೆ ಮುಸ್ಲಿಂ ಹೆಂಗಸು ದಿನಾ ಗಂಜಿ ಕೊಟ್ಟು ಹೋಗ್ತಾರಂತೆ. ಯೂಟ್ಯೂಬಲ್ಲಿ ಲೈವ್ ಬರುತ್ತಲ್ಲ ಅಜ್ಜಿ ಅಂದೆ, ಹೇಳಿದ್ಮೇಲೆ ನಾಚಿಕೆ ಆಯ್ತು, ಅವರತ್ರ ಇರೋದು ಬಟನ್ ಫೋನು. ಕೀರ್ತನೆ 121 ಓದು ಅಂದ್ರು, ನಾನು ಶುರು ಮಾಡೋಷ್ಟರಲ್ಲಿ ಅವರೇ ಕಣ್ಮುಚ್ಚಿ ಬಾಯಿಪಾಠ ಹೇಳಿ ಮುಗಿಸಿದ್ರು.

ಹೊರಡೋವಾಗ ತಲೆದಿಂಬಿನ ಕೆಳಗಿಂದ ಒಂದು ಹಾರ್ಲಿಕ್ಸ್ ಡಬ್ಬಿ ತೆಗೆದ್ರು. ಒಳಗೆ ಹತ್ತು ರೂಪಾಯಿ ನೋಟುಗಳು, ಒಂದೊಂದನ್ನೂ ನಾಕು ಮಡಿಕೆ ಮಾಡಿಟ್ಟಿದ್ರು. ವಾರಕ್ಕೊಂದರಂತೆ 17.

'ಕಾಣಿಕೆ ಬಾಕಿ ಉಳಿದುಬಿಡ್ತು ಮಗಾ, ಈ ಸಲ ನೀನೇ ಚೀಲಕ್ಕೆ ಹಾಕಿಬಿಡು' ಅಂದ್ರು.