ನನ್ನ ಕುರ್ಚಿಯಿಂದ ಕಂಡದ್ದು

2021ರ ಜುಲೈ 29. ಊಟ ಮುಗಿಸಿ ಟಿ.ವಿ. ಮುಂದೆ ಕುಳಿತು ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದೆ. ಎಡಕ್ಕೆ ಮೇರಿ ಕೋಮ್, ಬಲಕ್ಕೆ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ. ಟೋಕಿಯೊ ಒಲಿಂಪಿಕ್ಸ್, ಮಹಿಳೆಯರ ಬಾಕ್ಸಿಂಗ್, 51 ಕೆ.ಜಿ. ವಿಭಾಗ, ಹದಿನಾರರ ಘಟ್ಟ. ದೈಹಿಕ ಶಿಕ್ಷಣದ ಮೇಷ್ಟ್ರಾಗಿದ್ದಾಗ ರಾಜ್ಯಮಟ್ಟದ ಕೂಟಗಳಲ್ಲಿ ರಿಂಗಿನ ಪಕ್ಕ ಕುಳಿತು ಅಂಕ ಬರೆದವನು ನಾನು. ನಿವೃತ್ತನಾಗಿ ವರ್ಷಗಳಾದರೂ ಆ ಚಟ ಬಿಟ್ಟಿಲ್ಲ.

ಫಲಿತಾಂಶ 3-2, ಅಂದರೆ ಐವರು ತೀರ್ಪುಗಾರರಲ್ಲಿ ಮೂವರು ವೆಲೆನ್ಸಿಯಾ ಕಡೆಗೆ. ನನ್ನ ಚೀಟಿಯಲ್ಲಿ ಮಾತ್ರ ಮೇರಿ 29, ವೆಲೆನ್ಸಿಯಾ 28. ಮೇರಿಯವರೂ ಗೆದ್ದೆನೆಂದೇ ತಿಳಿದು ರಿಂಗಿನಿಂದ ಇಳಿದಿದ್ದರಂತೆ. ಉದ್ದೀಪನ ಮದ್ದಿನ ಪರೀಕ್ಷೆಗೆ ಹೋಗುವಾಗಲೂ ಸಂತೋಷವಾಗಿಯೇ ಇದ್ದರಂತೆ.

ಸಂಜೆ ಅಕ್ಕನ ಮಗ ಫೋನ್ ಮಾಡಿ ಜಗಳಕ್ಕೇ ನಿಂತ. "ಮಾವ, ಮೂರರಲ್ಲಿ ಎರಡು ಸುತ್ತು ಗೆದ್ದವರು ಸೋಲುವುದು ಹೇಗೆ? ಇದು ಮೋಸ ಅಲ್ಲವೇ?"

ಅಲ್ಲ ಮಾರಾಯ, ಇದು ಲೆಕ್ಕ. ಮೊದಲ ಸುತ್ತಿನಲ್ಲಿ ನಾಲ್ವರು ತೀರ್ಪುಗಾರರು ವೆಲೆನ್ಸಿಯಾ ಎಂದರು, ಒಬ್ಬರು ಮೇರಿ ಎಂದರು. ಮುಂದಿನ ಎರಡು ಸುತ್ತುಗಳು ತಲಾ 3-2ರಂತೆ ಮೇರಿಗೆ. ಆದರೆ ಸುತ್ತುಗಳನ್ನು ಹೀಗೆ ಅಡ್ಡಡ್ಡ ಎಣಿಸುವಂತಿಲ್ಲ. ಪ್ರತಿ ಸುತ್ತಿಗೂ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9. ಒಬ್ಬೊಬ್ಬ ತೀರ್ಪುಗಾರನ ಮೂರು ಸುತ್ತುಗಳನ್ನು ಬೇರೆಬೇರೆಯಾಗಿ ಕೂಡಿಸಬೇಕು. ಐದು ಮಂದಿ, ಮೂರು ಸುತ್ತು, ಒಟ್ಟು ಹದಿನೈದು ಮನೆಗಳು. ಎಂಟು ವೆಲೆನ್ಸಿಯಾ ಪಾಲು, ಏಳು ಮೇರಿ ಪಾಲು. ಒಬ್ಬೊಬ್ಬರದನ್ನೇ ಕೂಡಿಸಿದಾಗ ಮೂವರ ಮೊತ್ತ ವೆಲೆನ್ಸಿಯಾ ಕಡೆಗೆ, ಇಬ್ಬರದು ಮೇರಿ ಕಡೆಗೆ. ಕೈಜಾರಿದ್ದು ಮೊದಲ ಸುತ್ತು. ಆಗ ಮೇರಿಯವರಿಗೆ ಮೂವತ್ತೆಂಟು ವರ್ಷ. ಎದುರಾಳಿಯ ಅಳತೆ ತೆಗೆದುಕೊಂಡು ನಿಧಾನಕ್ಕೆ ಬಿಸಿಯಾಗುವುದು ಹಳೆಯ ಆಟಗಾರರ ರೀತಿ. ಮೂರೇ ಸುತ್ತಿನ ಪಂದ್ಯದಲ್ಲಿ ಅದಕ್ಕೆ ಬಿಡುವಿಲ್ಲ.

ಹಾಗಾದರೆ ಒಂದೇ ಪಂದ್ಯವನ್ನು ನೋಡಿದ ಐವರಿಗೆ ಐದು ಬಗೆ ಕಂಡದ್ದೇಕೆ? ಟಿ.ವಿ.ಯಲ್ಲಿ ನೋಡುವವರಿಗೆ ಇದು ತಿಳಿಯುವುದಿಲ್ಲ. ಕ್ಯಾಮೆರಾ ಮೇಲಿರುತ್ತದೆ, ತೀರ್ಪುಗಾರ ಕೆಳಗಿರುತ್ತಾನೆ. ಕಣ್ಣಿನ ಮಟ್ಟಕ್ಕೆ ಕೆಳಗಿನ ಹಗ್ಗ. ನಡುವೆ ರೆಫರಿಯ ಬೆನ್ನು, ಅದು ಸರಿದರೆ ಆಟಗಾರನ ಬೆನ್ನು. ಮುಷ್ಟಿಯ ಗೆಣ್ಣಿನ ಭಾಗ ತಲೆಯ ಮುಂಭಾಗಕ್ಕೋ ಪಕ್ಕಕ್ಕೋ, ಸೊಂಟಪಟ್ಟಿಯ ಮೇಲಿನ ಮೈಗೋ ತಾಗಿದರೆ ಮಾತ್ರ ಹೊಡೆತ ಎಂದು ನಿಯಮ. ತಾಗಿದ್ದು ಕೆನ್ನೆಗೋ ಎದುರಾಳಿಯ ಗ್ಲೌಸಿಗೋ ಎನ್ನುವುದು ನನ್ನ ಕಡೆಯಿಂದ ಎಷ್ಟೋ ಸಲ ಕಂಡದ್ದೇ ಇಲ್ಲ. ಕೇಳಿಸಿದ್ದು ಸದ್ದು ಮಾತ್ರ. ಗ್ಲೌಸಿಗೆ ಗ್ಲೌಸ್ ಬಡಿದಾಗ ಸದ್ದು ಜೋರು. ಪಕ್ಕೆಲುಬಿಗೆ ಬಿದ್ದ ಒಳ್ಳೆಯ ಹೊಡೆತಕ್ಕೆ ಹೇಳಿಕೊಳ್ಳುವಂಥ ಸದ್ದಿಲ್ಲ.

ಆ ಸದ್ದನ್ನು ನಂಬಿ ನಾನೊಮ್ಮೆ ಕೆಟ್ಟೆ. ಅಂತರ ಕಾಲೇಜು ಕೂಟದ ಸೆಮಿಫೈನಲ್. ಕೆಂಪು ಮೂಲೆಯ ಹುಡುಗ ಆತಿಥೇಯ ಕಾಲೇಜಿನವನು. ಅವನು ಕೈ ಬೀಸಿದಾಗಲೆಲ್ಲ ಗ್ಯಾಲರಿಯಲ್ಲಿ ಕೇಕೆ. ನೀಲಿಯವನು ಹಿಂದೆ ಸರಿಯುತ್ತಲೇ ಎಡಗೈಯಿಂದ ಚುಚ್ಚುತ್ತಿದ್ದ, ಅದೂ ನನಗೆ ಬೆನ್ನು ಮಾಡಿ. ಮುಂದೆ ನುಗ್ಗುವವನೇ ಗೆಲ್ಲುತ್ತಿದ್ದಾನೆ ಎಂದು ಕಣ್ಣು ನಂಬಿಬಿಡುತ್ತದೆ. ಕೆಂಪಿಗೆ ಬರೆದೆ. ತೀರ್ಪು 3-2, ಆ ಮೂರರಲ್ಲಿ ಒಂದು ನನ್ನದು. ನೀಲಿ ಹುಡುಗ ಒಂದು ಮಾತೂ ಆಡಲಿಲ್ಲ. ನಮ್ಮ ಕೂಟಗಳಲ್ಲಿ ಗ್ಲೌಸ್ ಎಲ್ಲರಿಗೂ ಸೇರಿ ಎರಡೋ ಮೂರೋ ಜೊತೆ. ಅವನು ಬಿಚ್ಚಿಕೊಟ್ಟ ಒದ್ದೆ ಗ್ಲೌಸಿಗೆ ಮುಂದಿನ ಪಂದ್ಯದವನು ಆಗಲೇ ಕೈ ಚಾಚಿದ್ದ. ಕೆಂಪು ಹುಡುಗನನ್ನು ಹತ್ತಿರದಿಂದ ನೋಡಿದ್ದು ಆಮೇಲೆ. ಎಡಗಣ್ಣು ಬಾತು ಮುಚ್ಚಿಹೋಗುತ್ತಿತ್ತು.

ನೋಟವನ್ನು ನಂಬುವಂತಿಲ್ಲವೆಂದು ಯಂತ್ರವನ್ನೂ ತಂದರು. 1992ರ ಬಾರ್ಸಿಲೋನಾದಿಂದ ಒಲಿಂಪಿಕ್ಸಿನಲ್ಲಿ ತೀರ್ಪುಗಾರರ ಮುಂದೆ ಕೆಂಪು, ನೀಲಿ ಗುಂಡಿಗಳು. ಒಂದು ಸೆಕೆಂಡಿನೊಳಗೆ ಐವರಲ್ಲಿ ಮೂವರು ಒಂದೇ ಗುಂಡಿ ಒತ್ತಿದರೆ ಒಂದು ಅಂಕ. ಆಟಗಾರರು ಯಂತ್ರಕ್ಕಿಂತ ಚುರುಕು. ದೂರದಿಂದ ನೇರವಾಗಿ, ಮೂರು ದಿಕ್ಕಿಗೂ ಕಾಣುವಂತೆ ಮುಖಕ್ಕೊಂದು ತಟ್ಟಿ ಓಡುವುದನ್ನು ಕಲಿತರು. ಮೈಗೆ ಹೊಡೆಯುವ ಕಲೆ ಸೊರಗಿತು. ನಾಲ್ಕು ಹೊಡೆತಗಳ ಸರಣಿಗೂ ಒಂದೇ ಅಂಕ ಬಂದರೆ ಯಾರು ತಾನೇ ಮೈಮುರಿಯುತ್ತಾರೆ?

ಯಂತ್ರವಿದ್ದೂ 2012ರ ಲಂಡನ್ನಿನಲ್ಲಿ ನಮ್ಮ ವಿಕಾಸ್ ಕೃಷನ್ ಅಮೆರಿಕದ ಎರೋಲ್ ಸ್ಪೆನ್ಸ್ ವಿರುದ್ಧ 13-11ರಿಂದ ಗೆದ್ದು, ಕೆಲವೇ ಗಂಟೆಗಳಲ್ಲಿ ಸೋತರು. ವಿಕಾಸ್ ಮೂರನೆಯ ಸುತ್ತಿನಲ್ಲಿ ಒಂಬತ್ತು ಸಲ ತಬ್ಬಿ ಹಿಡಿದರು, ಎರಡನೆಯ ಸುತ್ತಿನಲ್ಲಿ ಬೇಕೆಂದೇ ಗಮ್‌ಶೀಲ್ಡ್ (ಹಲ್ಲಿನ ಕವಚ) ಉಗುಳಿದ್ದರು, ರೆಫರಿ ಎಚ್ಚರಿಕೆ ಕೊಟ್ಟು ಎದುರಾಳಿಗೆ ನಾಲ್ಕು ಅಂಕವಾದರೂ ಕೊಡಿಸಬೇಕಿತ್ತು ಎಂದು ಮೇಲ್ಮನವಿಯಲ್ಲಿ ತೀರ್ಮಾನವಾಯಿತು. ಸ್ಪೆನ್ಸ್ ಅಂಕ 15 ಆಯಿತು. ನನಗೆ ಅಂದು ಸಿಟ್ಟು ಬಂದಿತ್ತು. ಆಮೇಲೆ ವಿಡಿಯೊ ನೋಡಿದೆ. ತಬ್ಬಿದ್ದು ನಿಜವೇ.

ಹಾಗೆಂದು ಎಲ್ಲವನ್ನೂ ಕುರ್ಚಿಯ ತಲೆಗೆ ಕಟ್ಟಲಾರೆ. 1988ರ ಸೋಲ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಅಮೆರಿಕದ ರಾಯ್ ಜೋನ್ಸ್ 86 ಹೊಡೆತ ಹೊಡೆದರು, ಆತಿಥೇಯ ದಕ್ಷಿಣ ಕೊರಿಯಾದ ಪಾರ್ಕ್ ಸಿ-ಹುನ್ 32. ಚಿನ್ನ ಪಾರ್ಕ್‌ಗೆ, 3-2ರಿಂದ. ಅದನ್ನು ಯಾವ ಮೂಲೆಯಲ್ಲಿ ಕುಳಿತರೂ ಹಾಗೆ ಕಾಣಲು ಸಾಧ್ಯವಿಲ್ಲ. 2016ರ ರಿಯೊದಲ್ಲಿ ಐರ್ಲೆಂಡಿನ ಮೈಕೆಲ್ ಕಾನ್ಲನ್ ಸೋಲಿನ ತೀರ್ಪು ಕೇಳಿ ತೀರ್ಪುಗಾರರತ್ತ ನಡುಬೆರಳು ತೋರಿಸಿದಾಗ ಶಿಸ್ತಿನ ಮೇಷ್ಟ್ರಾದ ನಾನು ಬೈದುಕೊಂಡಿದ್ದೆ. ಅಲ್ಲಿ ಪಂದ್ಯಗಳನ್ನು ಬೇಕಾದಂತೆ ತಿರುಚುವ ವ್ಯವಸ್ಥೆಯೇ ಇತ್ತೆಂದು 2021ರಲ್ಲಿ ಮೆಕ್ಲಾರೆನ್ ತನಿಖಾ ವರದಿ ಹೇಳಿತು. ಬೈದದ್ದನ್ನು ವಾಪಸ್ ಪಡೆದಿದ್ದೇನೆ. ಪಾರ್ಕ್ ಮಾತ್ರ 2023ರಲ್ಲಿ ಜೋನ್ಸ್ ಅವರ ಊರಾದ ಪೆನ್ಸಕೋಲಾಗೇ ಹೋಗಿ ಆ ಪದಕವನ್ನು ಅವರ ಕೈಗಿಟ್ಟರು. ಮೂವತ್ತೈದು ವರ್ಷದ ಮೇಲೆ, ಅಂಕ ಬರೆಯದಿದ್ದವರೇ ಬಂದು ತಿದ್ದಬೇಕಾಯಿತು.

ಮೊನ್ನೆ ಹಳೆಯ ಚೀಟಿಗಳನ್ನು ತಂತಿಯಿಂದ ಬಿಡಿಸುವಾಗ ಮೇರಿ ಪಂದ್ಯದ್ದು ಸಿಕ್ಕಿತು. ಮುಂಬದಿಯಲ್ಲಿ ಹೆಂಡತಿಯ ಕೈಬರಹ, ಜುಲೈ ತಿಂಗಳ ಹಾಲು. ಹಿಂಬದಿಯಲ್ಲಿ ನನ್ನ ಎರಡು ಸಾಲು ಅಂಕಿಗಳು. ಮೂರನೆಯ ಸುತ್ತಿನ 10 ಮೊದಲು ವೆಲೆನ್ಸಿಯಾ ಕಡೆಗೆ ಬಿದ್ದಿದೆ. ಅದನ್ನು ಹೊಡೆದುಹಾಕಿ ಮೇರಿಗೆ ಬರೆದಿದ್ದೇನೆ. ಯಾವ ಹೊಡೆತ ನೋಡಿ ಬದಲಾಯಿಸಿದೆನೋ, ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ.