ಈ ವಯಸ್ಸಲ್ಲಿ ಅಕ್ಷರ ಕಲಿತು ಏನ್ಮಾಡ್ತಾರೆ?

ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟ್ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಸಂಜೆ ಹೊತ್ತು ದೊಡ್ಡವರಿಗೆ ಓದು ಬರಹ ಹೇಳಿಕೊಡುತ್ತೇನೆ. ಅಷ್ಟು ಹೇಳಿದರೆ ಸಾಕು, ಮೇಲಿನ ಪ್ರಶ್ನೆ ಬರುತ್ತದೆ. ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಏನಾದರೂ ಮಾಡಿಕೊಳ್ಳಲಿ ಬಿಡಿ. ನೀವು ಕಲಿತ ಅಕ್ಷರದಲ್ಲಿ ದಿನಾ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಶುಭೋದಯ ಕಳಿಸ್ತೀರಿ. ನಾನೇನಾದರೂ ಕೇಳಿದೆನಾ?

ಅದೂ ಅಲ್ಲದೆ, 'ಈ ವಯಸ್ಸು' ಅಂದರೆ ಯಾವ ವಯಸ್ಸು? 2011ರ ಜನಗಣತಿ ಪ್ರಕಾರ ಚಿಕ್ಕಮಗಳೂರು ಜಿಲ್ಲೆಯಲ್ಲಿ ಹೆಂಗಸರ ಸಾಕ್ಷರತೆ ಶೇ 73ರಷ್ಟು. ಉಳಿದವರೆಲ್ಲ ಮುದುಕಿಯರಾ? ಓದು ಬರಹ ಕಲಿಸುವ ಸರ್ಕಾರದ ಉಲ್ಲಾಸ್ ಕಾರ್ಯಕ್ರಮ ಇರುವುದೇ 15 ವರ್ಷ ತುಂಬಿದವರಿಗೆ. ನನ್ನ ಹತ್ತಿರ ಬರುವವರಲ್ಲಿ ಎದೆ ಹಾಲು ಕುಡಿಯುವ ಮಗು ಎತ್ತಿಕೊಂಡು ಬರುವವರೂ ಇದ್ದಾರೆ.

ಒಂದು ಮದುವೆ ಊಟದಲ್ಲಿ ತೋಟದ ಸಾಹುಕಾರರೊಬ್ಬರು ಪಕ್ಕದಲ್ಲಿ ಕೂತಿದ್ದರು. 'ಪಾಪ, ಅವರಿಗೆ ಯಾಕಮ್ಮಾ ತೊಂದರೆ ಕೊಡ್ತೀಯ? ಲೆಕ್ಕ ಎಲ್ಲ ನಮ್ಮ ರೈಟರ್ ನೋಡ್ಕೋತಾನೆ' ಅಂದರು. ಅದೇ ಸಮಸ್ಯೆ ಅಂದೆ. ಕುಯ್ಲಿನಲ್ಲಿ ಕೂಲಿ ಕೆಜಿ ಲೆಕ್ಕ. ತೂಕ ನೋಡುವವನು ರೈಟರ್, ಬರೆಯುವವನು ರೈಟರ್, ಓದಿ ಹೇಳುವವನೂ ಅವನೇ. ಅವನು ಸತ್ಯವಂತನೇ ಇರಬಹುದು. 'ನಿಮ್ಮ ಪಾಸ್‌ಬುಕ್ ಬೇರೆಯವರು ಓದಿ ಹೇಳಿದರೆ ನಿಮಗೆ ಸಾಕಾ?' ಅಂತ ಕೇಳಿದೆ. ಅವರು ಪಾಯಸ ಬಡಿಸುವವನನ್ನು ಕರೆದರು.

ಕೇಳಬೇಕಾದ್ದನ್ನು ಮಾತ್ರ ಯಾರೂ ಕೇಳಲ್ಲ. ಡಿಸೆಂಬರಿನಲ್ಲಿ ನಿನ್ನ ತರಗತಿ ಯಾಕೆ ಖಾಲಿ ಅಂತ ಕೇಳಿ, ಹೇಳ್ತೀನಿ. ಆಗ ಅರೇಬಿಕಾ ಕಾಫಿ ಕುಯ್ಲು ಜೋರು. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಇಡೀ ದಿನ ಹಣ್ಣು ಕುಯ್ದು, ಮೂಟೆ ಹೊತ್ತು, ತೂಕಕ್ಕೆ ಕಾದು, ಮನೆಗೆ ಬಂದು ಒಲೆ ಹಚ್ಚಿದವಳು ಸ್ಲೇಟು ಹಿಡಿಯಬೇಕಾ? ಮಾರ್ಚಿನಲ್ಲಿ ವಾಪಸ್ ಬಂದಾಗ ಒತ್ತಕ್ಷರ ಅರ್ಧ ಮರೆತಿರುತ್ತದೆ. ಪಾಠದ ಪುಸ್ತಕ ಮುಗಿಸಿದವರಿಗೂ ಮುಂದೆ ಓದಲು ಏನೂ ಸಿಗಲ್ಲ. ಅಕ್ಷರ ದಪ್ಪ ಇರಬೇಕು, ವಿಷಯ ದೊಡ್ಡವರದ್ದಾಗಿರಬೇಕು. ಕಾಗೆ ನರಿ ಕತೆ ಕೊಟ್ಟರೆ ನನ್ನ ಮುಖ ನೋಡಿ ನಗುತ್ತಾರೆ. ನಗದೇ ಇನ್ನೇನು? ಅದಕ್ಕೇ ನಾವು ತೂಕದ ಚೀಟಿ, ಬಸ್ಸಿನ ಬೋರ್ಡು, ಸಂಘದ ಸಾಲದ ಪುಸ್ತಕ ಓದ್ತೀವಿ.

ಮೂಡಿಗೆರೆ, ಸಕಲೇಶಪುರ ಕಡೆಯ ಸಾಹುಕಾರರು ಯಾರಾದರೂ ಇದನ್ನು ಓದ್ತಾ ಇದ್ದರೆ, ಕುಯ್ಲಿನ ತಿಂಗಳಲ್ಲಿ ವಾರಕ್ಕೆ ಎರಡು ದಿನ ತೂಕ ಸ್ವಲ್ಪ ಬೇಗ ಮುಗಿಸಿ. ಗೋದಾಮಿನ ಲೈಟು ಆರಿಸಬೇಡಿ. ಬೋರ್ಡು, ಸೀಮೆಸುಣ್ಣ ನಾನೇ ತರ್ತೀನಿ.